ಯಾಕೆ ನಿಲ್ಲಲಿಲ್ಲ ಎಂಬುದಕ್ಕೆ ಉತ್ತರ ಸಿಗದಿದ್ದಾಗ

ಪ್ರಶ್ನೆ: ನನಗೆ 36 ವರ್ಷ. ಬೇಲೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಪತಿಗೆ 40, ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್ (ಲೆಕ್ಕ ಬರೆಯುವವರು). ಮದುವೆಯಾಗಿ ಒಂಬತ್ತು ವರ್ಷ. ಮೂರು ಸಲ ಐಯುಐ (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವುದು) ಆಗಿ, ಕೊನೆಗೆ ಬೆಂಗಳೂರಿನಲ್ಲಿ ಐವಿಎಫ್ (ಅಂಡಾಣು ತೆಗೆದು ಪ್ರಯೋಗಾಲಯದಲ್ಲಿ ಭ್ರೂಣ ಮಾಡುವುದು) ಮಾಡಿಸಿದೆವು. ಮೂರು ಭ್ರೂಣಗಳಾದವು. ಒಂದನ್ನು ಗರ್ಭಕೋಶಕ್ಕೆ ಹಾಕಿದರು, ಎರಡನ್ನು ಫ್ರೀಜ್ ಮಾಡಿಟ್ಟಿದ್ದಾರೆ. ರಕ್ತಪರೀಕ್ಷೆ ನೆಗೆಟಿವ್ ಬಂದು ಮೂರು ವಾರವಾಯಿತು. ಕಾರಣ ಕೇಳಿದರೆ ಡಾಕ್ಟರ್ 'ಎಲ್ಲವೂ ಚೆನ್ನಾಗಿಯೇ ಇತ್ತು, ಮತ್ತೆ ಪ್ರಯತ್ನಿಸೋಣ' ಎಂದಷ್ಟೇ ಹೇಳಿದರು. ಭ್ರೂಣ ಹಾಕಿದ ಐದನೇ ದಿನ ಬಸ್ಸಿನಲ್ಲಿ ಊರಿಗೆ ಬಂದದ್ದೇ ತಪ್ಪು ಎನ್ನುತ್ತಾರೆ ಅತ್ತೆ. ಅದಕ್ಕೂ ಮೊದಲು ನೆಂಟರ ಮನೆಯಲ್ಲಿದ್ದಾಗ ನಾನು ಪರಂಗಿ ಹಣ್ಣಿನ ಎರಡು ಹೋಳು ತಿಂದಿದ್ದೆ. ಅದನ್ನು ಇದುವರೆಗೂ ಯಾರಿಗೂ ಹೇಳಿಲ್ಲ. ಈಗ ಕುಯ್ಲಿನ ಕಾಲ, ಪತಿ ತೋಟದಿಂದ ಬಂದವರು ಊಟ ಮಾಡಿ ಮಲಗುತ್ತಾರೆ, ಮಾತೇ ಇಲ್ಲ. ಮುಂದಿನ ತಿಂಗಳು ನಾದಿನಿಯ ಸೀಮಂತ ನಮ್ಮ ಮನೆಯಲ್ಲೇ ನಡೆಯಲಿದೆ. ಇನ್ನೊಮ್ಮೆ ಹಾಕಿಸಬೇಕೇ, ನಿಲ್ಲಿಸಬೇಕೇ, ದತ್ತು ತೆಗೆದುಕೊಳ್ಳಬೇಕೇ? ಯಾವುದೂ ಗೊತ್ತಿಲ್ಲದೆ ದಿನ ದೂಡುವುದೇ ಎಲ್ಲಕ್ಕಿಂತ ದೊಡ್ಡ ಹಿಂಸೆಯಾಗಿದೆ.
— ಓದುಗರು, ಹಾಸನ ಜಿಲ್ಲೆ

ಉತ್ತರ: ಪತ್ರದ ತುಂಬ ದೊಡ್ಡ ದೊಡ್ಡ ಪ್ರಶ್ನೆಗಳಿವೆ. ಆದರೂ ನಾನು ಆ ಎರಡು ಹೋಳು ಪರಂಗಿ ಹಣ್ಣಿನಿಂದಲೇ ಶುರು ಮಾಡುತ್ತೇನೆ. ಉಳಿದದ್ದನ್ನೆಲ್ಲ ಮನೆಯವರೂ ಬಲ್ಲರು, ಇದೊಂದನ್ನು ಮಾತ್ರ ನೀವು ಒಬ್ಬರೇ ಹೊತ್ತು ತಿರುಗುತ್ತಿದ್ದೀರಿ. ಹಸಿ ಪರಂಗಿಕಾಯಿಯ ಸೊನೆಗೆ ಗರ್ಭಕೋಶವನ್ನು ಸಂಕುಚಿಸುವ ಗುಣವಿದೆ ಎಂದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಅದೇ ಪ್ರಯೋಗಗಳಲ್ಲಿ ಮಾಗಿದ ಹಣ್ಣಿನ ರಸದಿಂದ ಆ ಪರಿಣಾಮ ಕಾಣಲಿಲ್ಲ. ನೀವು ತಿಂದದ್ದು ನೆಂಟರು ಹೆಚ್ಚಿ ಕೊಟ್ಟ ಹಣ್ಣು. ಆ ಎರಡು ಹೋಳಿನಿಂದ ನಿಮ್ಮ ಭ್ರೂಣ ಹೋಗಲಿಲ್ಲ. ಈ ಮಾತನ್ನು ಬೇಕಾದರೆ ಇನ್ನೊಮ್ಮೆ ಓದಿಕೊಳ್ಳಿ.

ಬಸ್ಸಿನ ವಿಷಯವೂ ಅಷ್ಟೇ. ಗರ್ಭಕೋಶವೆಂದರೆ ಒಳಗೆ ಟೊಳ್ಳಾದ ಚೀಲ, ಅದರಲ್ಲಿ ಭ್ರೂಣ ಅತ್ತಿತ್ತ ಉರುಳಾಡುತ್ತಿರುತ್ತದೆ ಎಂದು ಬಹಳ ಜನ ಭಾವಿಸಿದ್ದಾರೆ. ನಿಜವಾಗಿ ಅದರ ಎರಡು ಗೋಡೆಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ, ನಡುವೆ ತೆಳುವಾದ ಪಸೆ ಇರುತ್ತದೆ. ಹಾಕುವ ಹೊತ್ತಿಗೆ ಭ್ರೂಣ ಸಾಸಿವೆ ಕಾಳಿಗಿಂತ ಎಷ್ಟೋ ಸಣ್ಣದು. ರಸ್ತೆ ಎಷ್ಟೇ ಹಾಳಾಗಿರಲಿ, ಬಸ್ಸು ಎಷ್ಟೇ ಕುಲುಕಲಿ, ಅದು ಉದುರಿ ಬೀಳುವುದಿಲ್ಲ. ಭ್ರೂಣ ಹಾಕಿದ ಮೇಲೆ ಹಾಸಿಗೆ ಹಿಡಿದು ಮಲಗಿದವರನ್ನೂ ಎಂದಿನಂತೆ ಓಡಾಡಿಕೊಂಡಿದ್ದವರನ್ನೂ ಹೋಲಿಸಿ ಹಲವು ಅಧ್ಯಯನಗಳಾಗಿವೆ. ಮಲಗಿದ್ದರಿಂದ ಲಾಭವಾಯಿತು ಎಂದು ಅವುಗಳಲ್ಲಿ ಕಂಡಿಲ್ಲ. ಕೆಲವು ಅಧ್ಯಯನಗಳಲ್ಲಂತೂ ಮಲಗಿದವರ ಫಲಿತಾಂಶವೇ ಕೊಂಚ ಕೆಳಗಿತ್ತು.

ನೀವು ಬರೆಯದೆ ಬಿಟ್ಟಿರುವ ಮೂರನೇ ಅನುಮಾನವೊಂದು ಇರಬಹುದು: 'ನಾನು ತುಂಬಾ ಟೆನ್ಷನ್ ಮಾಡಿಕೊಂಡೆ, ಅದಕ್ಕೇ ನಿಲ್ಲಲಿಲ್ಲ.' ನನ್ನಲ್ಲಿ ಆಪ್ತಸಮಾಲೋಚನೆಗೆ ಬರುವ ಹೆಣ್ಣುಮಕ್ಕಳಲ್ಲಿ ಈ ಮಾತು ಆಡದವರೇ ಕಡಿಮೆ. ಅವರಿಗೆ ಅದನ್ನು ಹೇಳಿಕೊಟ್ಟವರು ಸುತ್ತಲಿನವರೇ. 'ನೀನು ಆರಾಮಾಗಿರು, ತಾನಾಗಿ ಆಗುತ್ತದೆ' ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಆಗದಿದ್ದಾಗ ಆ ಮಾತಿನ ಇನ್ನೊಂದು ತುದಿ ಬಂದು ಚುಚ್ಚುತ್ತದೆ. ಈ ಬಗ್ಗೆ ನಡೆದ 14 ಅಧ್ಯಯನಗಳನ್ನು, ಅಂದರೆ 3,583 ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಚಿಕಿತ್ಸೆಗೆ ಮುಂಚೆ ಹೆಚ್ಚು ಆತಂಕವಿದ್ದವರಿಗೂ ಕಡಿಮೆ ಇದ್ದವರಿಗೂ ಆ ಸುತ್ತಿನ ಚಿಕಿತ್ಸೆಯಲ್ಲಿ, ಅಂದರೆ ಆ ಸೈಕಲ್‌ನಲ್ಲಿ ಗರ್ಭ ನಿಲ್ಲುವ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ನೀವು ಅತ್ತಿದ್ದರೆ ಅತ್ತಿದ್ದೀರಿ, ರಾತ್ರಿ ನಿದ್ದೆಗೆಟ್ಟಿದ್ದರೆ ಕೆಟ್ಟಿದ್ದೀರಿ. ಅದರಿಂದ ಏನೂ ಕೆಡಲಿಲ್ಲ.

ಹಾಗಾದರೆ ಯಾಕೆ ಆಗಲಿಲ್ಲ? ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಭ್ರೂಣದ ವರ್ಣತಂತುಗಳಲ್ಲಿ (ಕ್ರೋಮೋಸೋಮ್) ಇರುತ್ತದೆ. ಅಂಡಾಣು ಬಲಿಯುವಾಗ ವರ್ಣತಂತುಗಳು ಸರಿಯಾಗಿ ಪಾಲಾಗದೆ ಒಂದು ಹೆಚ್ಚೋ ಒಂದು ಕಡಿಮೆಯೋ ಆಗಿಬಿಡುತ್ತವೆ, ವಯಸ್ಸು ಏರಿದಂತೆ ಹೀಗಾಗುವುದೂ ಹೆಚ್ಚು. ನಿಮ್ಮ ವಯಸ್ಸಿನಲ್ಲಿ ಪ್ರಯೋಗಾಲಯದಲ್ಲಿ ಐದನೇ ದಿನದವರೆಗೆ ಬೆಳೆದ ಭ್ರೂಣಗಳಲ್ಲೂ ಸುಮಾರು ಮೂರರಲ್ಲಿ ಒಂದರಲ್ಲಿ ಈ ದೋಷ ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಭ್ರೂಣ ಚೆಂದವಾಗಿಯೇ ಕಾಣುತ್ತದೆ, ಒಳ್ಳೆಯ ಗ್ರೇಡೂ ಸಿಗುತ್ತದೆ. ಅದಕ್ಕೇ ಡಾಕ್ಟರ್ 'ಎಲ್ಲವೂ ಚೆನ್ನಾಗಿಯೇ ಇತ್ತು' ಎಂದದ್ದು. ಅವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ನಿಮಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಎರಡು ನಿಮಿಷ ಕೂತು ಬಿಡಿಸಿ ಹೇಳಿದ್ದರೆ ನೀವು ಈ ಮೂರು ವಾರ ಇಷ್ಟು ನರಳುತ್ತಿರಲಿಲ್ಲ. ಇನ್ನು ವರ್ಣತಂತುಗಳು ಸರಿಯಿದ್ದ ಭ್ರೂಣವೂ ಕೆಲವೊಮ್ಮೆ ಅಂಟಿಕೊಳ್ಳುವುದಿಲ್ಲ. ಅದು ಯಾಕೆಂದು ಇಂದಿನ ವೈದ್ಯಶಾಸ್ತ್ರಕ್ಕೆ ಪೂರ್ತಿ ಗೊತ್ತಿಲ್ಲ.

ನಾನು ನಿಮಗೆ ಮುಖ್ಯವಾಗಿ ಹೇಳಬೇಕಾಗಿರುವುದು ಈ 'ಗೊತ್ತಿಲ್ಲ' ಎಂಬ ಜಾಗದ ಬಗ್ಗೆ. ಅದು ಖಾಲಿ ಇರುವುದನ್ನು ಮನಸ್ಸು ಸಹಿಸುವುದಿಲ್ಲ, ಏನನ್ನಾದರೂ ತಂದು ತುಂಬುತ್ತದೆ. ನೀವು ಪರಂಗಿ ಹಣ್ಣು ತಂದು ತುಂಬಿದಿರಿ, ಅತ್ತೆ ಬಸ್ಸನ್ನು ತುಂಬಿದರು. ನಾಳೆ ಯಾರೋ ಜಾತಕ ತರುತ್ತಾರೆ, ಇನ್ನಾರೋ ಐವತ್ತು ಸಾವಿರದ ಹೊಸ ಪರೀಕ್ಷೆಯ ಚೀಟಿ ತರುತ್ತಾರೆ. ತಪ್ಪು ನನ್ನದೇ ಎಂದುಕೊಂಡರೆ ನೋವಾಗುತ್ತದೆ, ನಿಜ. ಆದರೆ ಅದರಲ್ಲೊಂದು ಗುಟ್ಟಾದ ಸಮಾಧಾನವೂ ಇದೆ: ನನ್ನ ತಪ್ಪಾಗಿದ್ದರೆ ಮುಂದಿನ ಸಲ ತಿದ್ದಿಕೊಳ್ಳಬಹುದಲ್ಲ! ಆ ಆಸೆಗಾಗಿಯೇ ಎಷ್ಟೋ ಹೆಣ್ಣುಮಕ್ಕಳು ಮಾಡದ ತಪ್ಪನ್ನು ಕೈಬಿಡಲು ಒಪ್ಪುವುದಿಲ್ಲ. ನೀವು ಒಪ್ಪಬೇಕು ಎಂದು ಕೇಳಿಕೊಳ್ಳುತ್ತೇನೆ. ಆ ಜಾಗವನ್ನು ಖಾಲಿಯಾಗಿಯೇ ಬಿಡಿ. 'ಯಾಕೆಂದು ಯಾರಿಗೂ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಸದ್ಯಕ್ಕಿಲ್ಲ' ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ಮೊದಮೊದಲು ಈ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕೆಲವು ವಾರಗಳಲ್ಲಿ ಸಲೀಸಾಗುತ್ತದೆ.

ಇನ್ನು ಮುಂದಿನ ಹೆಜ್ಜೆಯ ಮಾತು. ನಿಮ್ಮ ಸೈಕಲ್ ವಿಫಲವಾಯಿತು ಎಂಬ ಧಾಟಿಯಲ್ಲಿ ಪತ್ರವಿದೆ. ಬ್ರಿಟನ್ನಿನಲ್ಲಿ 2003ರಿಂದ 2010ರವರೆಗೆ ಐವಿಎಫ್ ಮಾಡಿಸಿಕೊಂಡ 1,56,947 ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2015ರಲ್ಲಿ ಬಂತು. ಅದರಲ್ಲಿ ಒಂದು ಸೈಕಲ್ ಎಂದರೆ, ಇಂಜೆಕ್ಷನ್ ಕೊಟ್ಟು ಒಮ್ಮೆ ತೆಗೆದ ಅಂಡಾಣುಗಳಿಂದಾದ ಎಲ್ಲ ಭ್ರೂಣಗಳನ್ನೂ, ತಾಜಾ ಇರಲಿ ಫ್ರೀಜ್ ಮಾಡಿದ್ದಿರಲಿ, ಹಾಕಿ ಮುಗಿಸುವವರೆಗಿನ ಅವಧಿ. ಆ ಲೆಕ್ಕದಲ್ಲಿ ನಿಮ್ಮ ಮೊದಲ ಸೈಕಲ್ ಇನ್ನೂ ಮುಗಿದಿಲ್ಲ, ಎರಡು ಭ್ರೂಣಗಳು ಉಳಿದಿವೆ. ಆ ಅಧ್ಯಯನದಲ್ಲಿ ಮೊದಲ ಸೈಕಲ್‌ನಿಂದ ಮಗು ಪಡೆದವರು ಶೇ 29.5. ನಾಲ್ಕನೇ ಸೈಕಲ್‌ವರೆಗೂ ಪ್ರತಿಯೊಂದರಲ್ಲೂ ಆ ಪ್ರಮಾಣ ಶೇ 20ಕ್ಕಿಂತ ಮೇಲೆಯೇ ಇತ್ತು. ಆರು ಸೈಕಲ್‌ಗಳ ಹೊತ್ತಿಗೆ ಒಟ್ಟಾರೆ ಸುಮಾರು ಶೇ 65 ಎಂದು ಅಂದಾಜಿಸಿದರು.

ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಮೊದಲ ಸಲ ಆಗದಿರುವುದೇ ಹೆಚ್ಚು ಜನರ ಅನುಭವ, ಆದ್ದರಿಂದ ನಿಮಗಾದದ್ದು ನಿಮ್ಮೊಬ್ಬರ ದುರದೃಷ್ಟವಲ್ಲ. ಹಾಗೆಯೇ ಆರು ಸಲ ಮಾಡಿಸಿದರೂ ಮೂವರಲ್ಲಿ ಒಬ್ಬರ ಕೈಗೆ ಮಗು ಬರಲಿಲ್ಲ. 'ಮುಂದಿನ ಸಲ ಖಂಡಿತ ಆಗುತ್ತದೆ' ಎಂದು ಯಾರಾದರೂ ಹೇಳಿದರೆ, ಅವರು ಬಿಳಿ ಕೋಟು ಹಾಕಿದ್ದರೂ ಸರಿ, ಕಾವಿ ಉಟ್ಟಿದ್ದರೂ ಸರಿ, ಆ ಮಾತನ್ನು ನಂಬಬೇಡಿ. ಅವಕಾಶವಿದೆ, ಭರವಸೆ ಕೊಡಲಾಗದು: ನಿಮ್ಮ ಸ್ಥಿತಿಯನ್ನು ಪ್ರಾಮಾಣಿಕವಾಗಿ ಹೇಳಿದರೆ ಇಷ್ಟೇ.

ಇದರಲ್ಲಿ ನಿಮ್ಮ ಅನುಕೂಲಕ್ಕೆ ಒದಗುವ ಸಂಗತಿಯೊಂದಿದೆ. ಫ್ರೀಜ್ ಮಾಡಿದ ಭ್ರೂಣಕ್ಕೆ ವಯಸ್ಸಾಗುವುದಿಲ್ಲ. ಅಂಡಾಣು ತೆಗೆದ ದಿನ ನಿಮಗೆ ಎಷ್ಟು ವಯಸ್ಸಾಗಿತ್ತೋ ಭ್ರೂಣದ ಮಟ್ಟಿಗೆ ಅದೇ ಲೆಕ್ಕ. ಈ ಚಿಕಿತ್ಸೆಯ ಬಗೆಗಿನ ನಮ್ಮ ದೇಶದ ಕಾಯ್ದೆಯ ಪ್ರಕಾರ ಹತ್ತು ವರ್ಷದವರೆಗೆ ಇಡಲು ಅವಕಾಶವಿದೆ. ಹಾಗಾಗಿ ಮೂರು ನಾಲ್ಕು ತಿಂಗಳು ಬಿಟ್ಟು ಹಾಕಿಸಿದರೆ ಆ ಎರಡು ಭ್ರೂಣಗಳ ಮಟ್ಟಿಗೆ ನೀವು ಕಳೆದುಕೊಳ್ಳುವುದು ಬಹುಮಟ್ಟಿಗೆ ಏನೂ ಇಲ್ಲ. ಈಗ ಪತಿಗೆ ಕುಯ್ಲು, ನಿಮಗೆ ಹತ್ತನೇ ತರಗತಿಯ ಪರೀಕ್ಷೆಯ ತಯಾರಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವವರೆಗೆ ಯಾವ ತೀರ್ಮಾನವೂ ಬೇಡ ಎಂದು ಇಬ್ಬರೂ ಕೂತು ಒಪ್ಪಿಕೊಳ್ಳಿ. ಏಪ್ರಿಲ್‌ನ ಯಾವುದಾದರೂ ಭಾನುವಾರಕ್ಕೆ ಗುರುತು ಹಾಕಿ, ಅಂದು ಮಾತಾಡೋಣ ಎಂದು ಬರೆದಿಡಿ. ನಿಮ್ಮ ಅಂಡಾಣುಗಳ ಸಂಗ್ರಹ ಬಹಳ ಕಡಿಮೆ ಎಂದು ಡಾಕ್ಟರ್ ಮೊದಲೇ ಹೇಳಿದ್ದರೆ ಮಾತ್ರ ಈ ಬಿಡುವಿನ ಬಗ್ಗೆ ಅವರನ್ನೊಮ್ಮೆ ಕೇಳಿಕೊಳ್ಳಿ, ಏಕೆಂದರೆ ಮತ್ತೆ ಅಂಡಾಣು ತೆಗೆಯಬೇಕಾಗಿ ಬಂದರೆ ವಯಸ್ಸು ಲೆಕ್ಕಕ್ಕೆ ಬರುತ್ತದೆ.

ತಾರೀಖು ಗೊತ್ತುಮಾಡಿ ಎಂದು ಹೇಳುವುದಕ್ಕೆ ಕಾರಣವಿದೆ. ಅನಿಶ್ಚಯವನ್ನು ತಾಳಲಾರದೆ ಜನ ಎರಡು ಬಗೆಯಲ್ಲಿ ಓಡುತ್ತಾರೆ. ಕೆಲವರು ರಿಪೋರ್ಟ್ ಬಂದ ವಾರವೇ ಮುಂದಿನದಕ್ಕೆ ದುಡ್ಡು ಕಟ್ಟಿಬಿಡುತ್ತಾರೆ. ಇನ್ನು ಕೆಲವರು 'ಇನ್ನೆಂದೂ ಆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ' ಎಂದು ಫೈಲನ್ನು ಅಟ್ಟಕ್ಕೆ ಎಸೆಯುತ್ತಾರೆ. ಎರಡೂ ನೋವು ಹಸಿಯಾಗಿರುವಾಗ ಮಾಡಿದ ತೀರ್ಮಾನಗಳು. ಎರಡನ್ನೂ ಆಮೇಲೆ ಬದಲಿಸಿದವರನ್ನು ನಾನು ಬಹಳ ನೋಡಿದ್ದೇನೆ. 'ಏನು ಮಾಡುವುದೋ' ಎಂಬ ಪ್ರಶ್ನೆ ರಾತ್ರಿ ಎರಡು ಗಂಟೆಗೆ ಎಬ್ಬಿಸಿದರೆ 'ಅದಕ್ಕೆ ಏಪ್ರಿಲ್‌ನಲ್ಲಿ ದಿನ ಇಟ್ಟಿದ್ದೇವೆ' ಎಂದು ಹೇಳಿಕೊಳ್ಳಲು ನಿಮ್ಮ ಬಳಿ ಒಂದು ಉತ್ತರ ಇರುತ್ತದೆ. ಅಷ್ಟರಿಂದಲೇ ನಿದ್ದೆ ಮರಳಿ ಬರುತ್ತದೆ ಎಂದು ನಾನು ಹೇಳುವುದಿಲ್ಲ, ಆದರೆ ಪ್ರಶ್ನೆಯ ಹಿಡಿತ ಸಡಿಲವಾಗುತ್ತದೆ.

ಈ ದಿನಗಳಲ್ಲಿ ನಿಮ್ಮನ್ನು ಇದ್ದಕ್ಕಿದ್ದಂತೆ ಕೆಡವುವ ಸಂಗತಿಗಳಿರುತ್ತವೆ, ಅವನ್ನು ಮೊದಲೇ ತಿಳಿದಿರಿ. ಭ್ರೂಣ ಹಾಕಿದ ದಿನವೇ ಹೆರಿಗೆಯ ತಾರೀಖು ಲೆಕ್ಕ ಹಾಕಿಟ್ಟುಕೊಳ್ಳದ ಹೆಣ್ಣನ್ನು ನಾನು ಕಂಡದ್ದು ಅಪರೂಪ. ಮೊಬೈಲ್‌ನ ಟಿಪ್ಪಣಿಯಲ್ಲೋ ಗೋಡೆಯ ಪಂಚಾಂಗ ಕ್ಯಾಲೆಂಡರಿನ ಮುಂದಿನ ಹಾಳೆಗಳಲ್ಲೋ ಒಂದು ಸಣ್ಣ ಚುಕ್ಕೆ ಇರುತ್ತದೆ. ಮನೆಯಲ್ಲಿ ಬೇರೆ ಯಾರಿಗೂ ಅದೇನೆಂದು ಗೊತ್ತಿರುವುದಿಲ್ಲ. ಫ್ರಿಜ್ಜಿನ ಬಾಗಿಲಲ್ಲಿ, ಮೊಸರಿನ ಪ್ಯಾಕೆಟ್ ಪಕ್ಕದಲ್ಲಿ, ಅರ್ಧ ಉಳಿದ ಇಂಜೆಕ್ಷನ್ ಪೆನ್ ಇರುತ್ತದೆ. ಗರ್ಭಕ್ಕೆ ಆಸರೆಯಾಗುವ ಪ್ರೊಜೆಸ್ಟರಾನ್ ಹಾರ್ಮೋನು ಚುಚ್ಚಿಸಿಕೊಂಡ ಸೊಂಟದ ಗಂಟುಗಳು ಕೂರುವಾಗ ಏಳುವಾಗ ನೆನಪಿಸುತ್ತವೆ. ಎಣ್ಣೆಯಲ್ಲಿ ಕರಗಿಸಿ ಕೊಡುವ ಆ ಇಂಜೆಕ್ಷನ್ನಿನ ಗಂಟು ಕರಗಲು ಕೆಲವು ವಾರಗಳೇ ಬೇಕು, ಗಾಬರಿಯಾಗಬೇಡಿ. ಮುಟ್ಟು ಎಂದಿಗಿಂತ ಹೆಚ್ಚು ಹೋಗುವುದೂ ಸಾಮಾನ್ಯ. ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ ಹೋದರೆ, ಹೊಟ್ಟೆ ವಿಪರೀತ ನೋಯುತ್ತಿದ್ದರೆ ಅಥವಾ ಜ್ವರ ಬಂದರೆ ಮಾತ್ರ ತಡಮಾಡದೆ ಹತ್ತಿರದ ಆಸ್ಪತ್ರೆಗೆ ಹೋಗಿ. ಉಳಿದ ಸೂಜಿಗಳನ್ನು ಮನೆಯ ಕಸಕ್ಕೆ ಹಾಕದೆ ಆಸ್ಪತ್ರೆಯಲ್ಲಿ ಕೊಡಿ. ಆ ಚುಕ್ಕೆ ಹಾಕಿದ ದಿನ ಬಂದಾಗ ಶಾಲೆಗೆ ರಜೆ ಹಾಕಬೇಕೆನಿಸಿದರೆ ಹಾಕಿ. ಹಾಸ್ಯಾಸ್ಪದವೇನಲ್ಲ ಅದು. ಹುಟ್ಟದ ಮಗುವಿಗೆ ಅಳುವುದಕ್ಕೆ ನಮ್ಮಲ್ಲಿ ಯಾವ ಶಾಸ್ತ್ರವೂ ಇಲ್ಲ, ಯಾರೂ ಬಂದು ಕೂರುವುದಿಲ್ಲ. ಆದ್ದರಿಂದ ನೀವೇ ಒಂದು ದಿನ ಎತ್ತಿಡಬೇಕಾಗುತ್ತದೆ.

ಪತಿಯ ಮೌನದ ಬಗ್ಗೆ ಬರೆದಿದ್ದೀರಿ. ಅವರನ್ನು ನಾನು ಕಂಡಿಲ್ಲ. ಆದರೆ ರೈಟರ್ ಕೆಲಸದವರ ಈ ತಿಂಗಳುಗಳು ಹೇಗಿರುತ್ತವೆಂದು ಈ ಸೀಮೆಯ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಆಳುಗಳ ಹಾಜರಿ, ಸಂಜೆ ಕುಯ್ದ ಹಣ್ಣಿನ ತೂಕ, ಒಬ್ಬೊಬ್ಬರ ಹೆಸರಿನ ಮುಂದೆ ಕೆ.ಜಿ. ಬರೆದುಕೊಳ್ಳುವುದು, ಆಮೇಲೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಒಣಗಿಸುವ ಕಣ. ಬೆಳಗಿನಿಂದ ರಾತ್ರಿಯವರೆಗೆ ಲೆಕ್ಕ ತಪ್ಪದಂತೆ ನೋಡಿಕೊಳ್ಳುವ ಮನುಷ್ಯನಿಗೆ, ಲೆಕ್ಕಕ್ಕೆ ಸಿಗದ ದುಃಖವೊಂದು ಬಂದಾಗ ಬಾಯಿ ಕಟ್ಟಿಹೋಗುವುದು ನನಗೆ ಅರ್ಥವಾಗುತ್ತದೆ. ಅವರಿಗೂ ಒಂದು ಮಗು ಕೈತಪ್ಪಿದೆ. ಆದರೆ ಮೂರು ವಾರದಿಂದ ಎಲ್ಲರೂ ಅವರನ್ನು ಕೇಳಿರುವುದು 'ಅವಳು ಹೇಗಿದ್ದಾಳೆ?' ಎಂದು ಮಾತ್ರ.

'ಯಾಕೆ ಮಾತಾಡುವುದಿಲ್ಲ' ಎಂದು ಕೇಳಿದರೆ ಮಾತು ಇನ್ನೂ ಒಳಗೆ ಹೋಗುತ್ತದೆ. ವಾರಕ್ಕೆ ಎರಡು ಸಂಜೆ, ಇಪ್ಪತ್ತು ನಿಮಿಷ, ಈ ವಿಷಯಕ್ಕೆಂದೇ ಎತ್ತಿಡಿ. ಇಪ್ಪತ್ತು ನಿಮಿಷವಾದ ಕೂಡಲೇ ನಿಲ್ಲಿಸುತ್ತೇವೆ ಎಂದು ಮೊದಲೇ ಹೇಳಿ. ಮಾತು ಎಲ್ಲಿಗೆ ಮುಗಿಯುತ್ತದೆ ಎಂದು ಗೊತ್ತಿದ್ದರೆ ಗಂಡಸರು ಶುರು ಮಾಡಲು ಅಷ್ಟು ಹೆದರುವುದಿಲ್ಲ ಎಂಬುದು ಸಮಾಲೋಚನೆಯಲ್ಲಿ ನಾನು ಮತ್ತೆ ಮತ್ತೆ ಕಂಡಿರುವುದು. ಉಳಿದ ಸಂಜೆಗಳಲ್ಲಿ ಈ ಮಾತು ಬೇಡ. ಶಾಲೆ, ತೋಟ, ಮೆಣಸಿನ ರೇಟು, ಏನಾದರೂ ಇರಲಿ. ಇನ್ನೊಂದು ಕೆಲಸವನ್ನೂ ಅವರಿಗೇ ವಹಿಸಿ: ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳನ್ನು ಅವರ ಕೈಯಿಂದಲೇ ಬರೆಸಿ.

ಆ ಭೇಟಿಗೆ 'ಮುಂದಿನದು ಯಾವಾಗ' ಎಂದು ಕೇಳಲು ಹೋಗಬೇಡಿ, ಆದದ್ದನ್ನು ಪರಿಶೀಲಿಸಲೆಂದೇ ಬೇರೆ ಸಮಯ ಕೇಳಿ ಪಡೆಯಿರಿ. ಎಷ್ಟು ಅಂಡಾಣು ಸಿಕ್ಕವು, ಅದರಲ್ಲಿ ಬಲಿತವು ಎಷ್ಟು, ಫಲಿತವಾದವು ಎಷ್ಟು, ಹಾಕಿದ ಭ್ರೂಣ ಎಷ್ಟನೇ ದಿನದ್ದು, ಉಳಿದ ಎರಡರ ಗುಣಮಟ್ಟ ಹೇಗಿದೆ, ಗರ್ಭಕೋಶದ ಒಳಪದರ ಎಷ್ಟು ದಪ್ಪವಿತ್ತು, ಹಾಕುವಾಗ ತೊಡಕಾಯಿತೇ ಎಂದು ಕೇಳಿ ಪ್ರಯೋಗಾಲಯದ ವರದಿಯ ಪ್ರತಿ ತೆಗೆದುಕೊಳ್ಳಿ. ಮುಂದಿನ ಸಲ ಏನನ್ನು ಬದಲಿಸುತ್ತೀರಿ, ಯಾಕೆ ಎಂದು ಕೇಳಿ. 'ಬದಲಿಸುವಂಥದ್ದು ಏನೂ ಇಲ್ಲ' ಎಂಬುದು ಕೂಡ ಒಳ್ಳೆಯ ಡಾಕ್ಟರ್ ಕೊಡಬಹುದಾದ ಉತ್ತರವೇ. ನಿಮ್ಮ ಪತಿಯ ವೀರ್ಯ ಪರೀಕ್ಷೆ ಎಷ್ಟು ಹಳೆಯದು ಎಂದೂ ನೋಡಿಸಿ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಪಾಲೂ ಇರುತ್ತದೆ, ಆದರೆ ಸೂಜಿ ಚುಚ್ಚಿಸಿಕೊಂಡವಳ ಮೇಲೆಯೇ ಎಲ್ಲರ ಕಣ್ಣು. ಆಸ್ಪತ್ರೆಯವರು ಹೇಳುವ ಯಶಸ್ಸಿನ ಪ್ರಮಾಣ ರಕ್ತಪರೀಕ್ಷೆ ಪಾಸಿಟಿವ್ ಬಂದವರದೋ, ಮಗು ಎತ್ತಿಕೊಂಡು ಮನೆಗೆ ಹೋದವರದೋ, ನಿಮ್ಮ ವಯಸ್ಸಿನವರಲ್ಲಿ ಎಷ್ಟು ಎಂದು ಬಿಡಿಸಿ ಕೇಳಿ. ಹೀಗೆಲ್ಲ ಕೇಳಿದರೆ ಡಾಕ್ಟರಿಗೆ ಬೇಸರವಾದೀತು ಎಂದು ಹಿಂಜರಿಯಬೇಡಿ. 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆಯ ಪ್ರಕಾರ ಚಿಕಿತ್ಸೆಯ ಸಾಧ್ಯತೆ, ಖರ್ಚು, ಅಪಾಯ ಎಲ್ಲವನ್ನೂ ದಂಪತಿಗೆ ತಿಳಿಸಿ ಆಪ್ತಸಮಾಲೋಚನೆ ಒದಗಿಸುವುದು ಕ್ಲಿನಿಕ್ಕಿನ ಕರ್ತವ್ಯ.

ಒಂದು ಎಚ್ಚರಿಕೆ. ಖಾಲಿ ಜಾಗವನ್ನು ತುಂಬಲು ಬರುವವುಗಳಲ್ಲಿ ಹೆಚ್ಚುವರಿ ಚಿಕಿತ್ಸೆಗಳೂ ಸೇರಿವೆ. ಗರ್ಭಕೋಶದ ಒಳಪದರವನ್ನು ಸ್ವಲ್ಪ ಗೀರಿದರೆ ಭ್ರೂಣ ಚೆನ್ನಾಗಿ ಅಂಟುತ್ತದೆ ಎಂದು ಬಹಳ ವರ್ಷ ನಂಬಿದ್ದರು, ಮಾಡಿಸಿ ದುಡ್ಡೂ ತೆಗೆದುಕೊಂಡರು. 2019ರಲ್ಲಿ 1,364 ಮಹಿಳೆಯರ ಮೇಲಿನ ದೊಡ್ಡ ಪ್ರಯೋಗವೊಂದರ ಫಲಿತಾಂಶ ಬಂತು: ಮಗು ಪಡೆದವರು ಗೀರಿಸಿಕೊಂಡವರಲ್ಲೂ ಶೇ 26.1, ಗೀರಿಸಿಕೊಳ್ಳದವರಲ್ಲೂ ಶೇ 26.1. ಹೊಸದೇನನ್ನಾದರೂ ಸೂಚಿಸಿದರೆ 'ಇದರಿಂದ ಮಗು ಆಗುವ ಪ್ರಮಾಣ ಹೆಚ್ಚಿದೆ ಎಂಬುದಕ್ಕೆ ಆಧಾರವಿದೆಯೇ?' ಎಂದು ಕೇಳಿ, ಅಂದೇ ಒಪ್ಪಿಕೊಳ್ಳದೆ ಮನೆಗೆ ಬನ್ನಿ.

ಅತ್ತೆಯ ಮಾತು. ಅವರೊಂದಿಗೆ ವಾದಕ್ಕೆ ಇಳಿದು ಗೆಲ್ಲುವ ಕಾಲ ಇದಲ್ಲ. ಮೊಮ್ಮಗುವಿನ ಆಸೆ ಅವರದೂ ಮುರಿದಿದೆ, ಅದಕ್ಕೆ ಅವರಿಗೆ ಸಿಕ್ಕಿದ್ದು ಬಸ್ಸು. ಉತ್ತರ ಕೊಡಬೇಕಾದವರು ನಿಮ್ಮ ಪತಿ: 'ಅಮ್ಮ, ಡಾಕ್ಟರನ್ನು ಕೇಳಿದ್ದೇವೆ, ಬಸ್ಸಿನಿಂದ ಆದದ್ದಲ್ಲ. ಆ ಮಾತು ಇನ್ನು ಮುಂದೆ ಮನೆಯಲ್ಲಿ ಬೇಡ.' ಸೊಸೆಯ ಬಾಯಲ್ಲಿ ಜಗಳವಾಗುವ ಮಾತು ಮಗನ ಬಾಯಲ್ಲಿ ಮಾಹಿತಿಯಾಗುತ್ತದೆ. ಹೀಗಿರಬಾರದಿತ್ತು, ಆದರೆ ಸದ್ಯಕ್ಕೆ ಹಾಗಿದೆ. ಹರಕೆಯ ಮಾತು ಬಂದರೆ, ಹಾಸನಾಂಬೆಯ ಬಾಗಿಲು ತೆರೆಯುವುದು ಹೇಗೂ ಆಶ್ವೀಜದಲ್ಲಿ. ಆ ಹೊತ್ತಿಗೆ ಸರದಿಯಲ್ಲಿ ನಿಂತು ದರ್ಶನ ಮಾಡಿದರೆ ನಿಮ್ಮ ಮನಸ್ಸಿಗೆ ನೆಮ್ಮದಿ ಎನಿಸಿದರೆ ಸಂತೋಷವಾಗಿ ಹೋಗಿ. ತಪ್ಪುಕಾಣಿಕೆ ಕಟ್ಟಲು ಮಾತ್ರ ಹೋಗಬೇಡಿ, ನೀವು ತಪ್ಪು ಮಾಡಿಲ್ಲ.

ಸೀಮಂತ ನಿಮ್ಮ ಮನೆಯಲ್ಲೇ ಆದ್ದರಿಂದ ತಪ್ಪಿಸಿಕೊಳ್ಳುವುದು ಕಷ್ಟ. ಪೂರ್ತಿ ತಪ್ಪಿಸಿಕೊಳ್ಳಬೇಕಾಗಿಯೂ ಇಲ್ಲ. ನಾದಿನಿಯ ಮೇಲೆ ನಿಮಗೆ ಪ್ರೀತಿಯಿದ್ದು ಅವಳ ಹೊಟ್ಟೆ ಕಂಡಾಗ ಎದೆ ಉರಿದರೆ ಎರಡೂ ನಿಜವೇ, ಒಂದರಿಂದ ಇನ್ನೊಂದು ಸುಳ್ಳಾಗುವುದಿಲ್ಲ. ಅವಳನ್ನು ಮೊದಲೇ ಒಬ್ಬಳನ್ನೇ ಕರೆದು ಹೇಳಿ: 'ನಿನಗೆ ಒಳ್ಳೆಯದಾಗಲಿ ಎಂದೇ ನನ್ನ ಆಸೆ. ಅಂದು ನಾನು ನಡುವೆ ಎದ್ದು ಒಳಗೆ ಹೋದರೆ ಬೇಸರ ಮಾಡಿಕೊಳ್ಳಬೇಡ.' ಬಹಳ ಹೆಣ್ಣುಮಕ್ಕಳಿಗೆ ತಡೆಯಲಾಗದ್ದು ಮಡಿಲು ತುಂಬುವ ಗಳಿಗೆ. 'ಅವಳು ಬೇಡ, ಮಕ್ಕಳಾದವರು ಬನ್ನಿ' ಎಂದು ಯಾರಾದರೂ ಹಿರಿಯರು ಅಂದುಬಿಟ್ಟರಂತೂ ಆ ಗಾಯ ವರ್ಷಗಟ್ಟಲೆ ಮಾಯುವುದಿಲ್ಲ. ಆ ಹೊತ್ತಿಗೆ ನೀವು ಊಟದ ಎಲೆ ಹಾಕಿಸುವ ಕಡೆ ಇರುವ ಹಾಗೆ ಕೆಲಸ ಹಂಚಿಕೊಳ್ಳಿ. 'ಏನಮ್ಮ, ನಿನಗೇನೂ ವಿಶೇಷ ಇಲ್ಲವೇ?' ಎಂದು ಕೇಳುವವರಿಗೆ 'ಇದ್ದಾಗ ನಾವೇ ಹೇಳುತ್ತೇವೆ' ಎಂಬ ಒಂದೇ ಮಾತು ಸಾಕು. ಅದನ್ನು ಮುಂಚೆಯೇ ಬಾಯಲ್ಲಿ ಆಡಿ ಅಭ್ಯಾಸ ಮಾಡಿಕೊಳ್ಳಿ.

ಎಲ್ಲಿಗೆ ನಿಲ್ಲಿಸುವುದು ಎಂಬ ಪ್ರಶ್ನೆಗೆ ಉತ್ತರ ಆಸ್ಪತ್ರೆಯಿಂದ ಬರುವುದಿಲ್ಲ. ಅಲ್ಲಿ ಯಾವಾಗಲೂ ಇನ್ನೊಂದು ಪ್ರಯತ್ನ ಇದ್ದೇ ಇರುತ್ತದೆ. ಗಡಿಯನ್ನು ನೀವಿಬ್ಬರೂ ಹಾಕಿಕೊಳ್ಳಬೇಕು, ಅದೂ ಮುಂದಿನ ಪ್ರಯತ್ನಕ್ಕೆ ಮುಂಚೆ. ಉಳಿದ ಎರಡು ಭ್ರೂಣಗಳನ್ನು ಹಾಕಿಸುವುದಕ್ಕೆ ಹೊಸದಾಗಿ ಇಡೀ ಐವಿಎಫ್ ಮಾಡಿಸುವಷ್ಟು ಖರ್ಚಾಗುವುದಿಲ್ಲ, ದೇಹಕ್ಕೂ ಅಷ್ಟು ಹೊರೆಯಿಲ್ಲ, ಏಕೆಂದರೆ ಅಂಡಾಣು ಬೆಳೆಸುವ ಇಂಜೆಕ್ಷನ್ನೂ ತೆಗೆಯುವ ಪ್ರಕ್ರಿಯೆಯೂ ಇರುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಡಾಕ್ಟರ್ ಬೇರೆ ಕಾರಣ ಹೇಳದಿದ್ದ ಪಕ್ಷದಲ್ಲಿ, ಅವನ್ನು ಹಾಕಿಸುವವರೆಗಿನ ದಾರಿ ಯೋಚಿಸಲು ಯೋಗ್ಯವಾದದ್ದು. ಅದರಾಚೆ ಮತ್ತೊಂದು ಪೂರ್ತಿ ಸೈಕಲ್ ಮಾಡಿಸುವುದಾದರೆ ಎಷ್ಟು ದುಡ್ಡಿನವರೆಗೆ, ಯಾವ ವಯಸ್ಸಿನವರೆಗೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಒಡವೆ ಅಡವಿಟ್ಟು, ಕೈಸಾಲ ಮಾಡಿ, ಸೈಟು ಮಾರಿ ಮುಂದುವರಿದವರು ನೋವಿನ ಜೊತೆಗೆ ಸಾಲವನ್ನೂ ಹೊತ್ತದ್ದನ್ನು ನೋಡಿ ನನಗೆ ಸಂಕಟವಾಗಿದೆ. ಆರೋಗ್ಯ ವಿಮೆಗಳಲ್ಲಿ ಹೆಚ್ಚಿನವು ಈ ಚಿಕಿತ್ಸೆಗೆ ಹಣ ಕೊಡುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬರೆದ ಗಡಿಯನ್ನು ಮುಂದೆ ಬದಲಿಸಬಾರದೆಂದೇನಿಲ್ಲ. ಆದರೆ ಬದಲಿಸುವಾಗ ಇಬ್ಬರೂ ಒಪ್ಪಿರಬೇಕು, ರಿಪೋರ್ಟ್ ಬಂದ ಹದಿನೈದು ದಿನದೊಳಗೆ ಆಗಿರಬಾರದು.

ಮೂರು ವಾರದ ಅಳು ಕಾಯಿಲೆಯಲ್ಲ. ಆದರೆ ಎರಡು ವಾರಕ್ಕೂ ಹೆಚ್ಚು ಕಾಲ ದಿನವಿಡೀ ಮನಸ್ಸು ಕುಸಿದೇ ಇದ್ದರೆ, ಊಟ ನಿದ್ದೆ ಎರಡೂ ಕೆಟ್ಟಿದ್ದರೆ, ತರಗತಿಯಲ್ಲಿ ನಿಂತು ಪಾಠ ಮಾಡಲು ಆಗದಿದ್ದರೆ ವೈದ್ಯರ ಸಹಾಯ ಬೇಕು. ಬದುಕಿ ಏನು ಪ್ರಯೋಜನ ಎಂಬ ಯೋಚನೆ ಒಮ್ಮೆ ಬಂದರೂ ಸಾಕು, ಎರಡು ವಾರ ಕಾಯಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ತಾಲ್ಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತಾರೆಂದು ಬೇಲೂರಿನಲ್ಲೇ ವಿಚಾರಿಸಬಹುದು. ಮಾತ್ರೆ ತೆಗೆದುಕೊಂಡರೆ ಮುಂದೆ ಗರ್ಭಕ್ಕೆ ತೊಂದರೆ ಎಂಬ ಭಯದಿಂದ ಹಿಂದೆ ಸರಿಯಬೇಡಿ. ಮಗುವಿಗೆ ಪ್ರಯತ್ನಿಸುತ್ತಿರುವುದನ್ನು ವೈದ್ಯರಿಗೆ ಹೇಳಿದರೆ ಅದಕ್ಕೆ ಹೊಂದುವ ಔಷಧಿಯನ್ನೇ ನೋಡಿ ಬರೆಯುತ್ತಾರೆ, ಮಾತ್ರೆಯೇ ಇಲ್ಲದ ಚಿಕಿತ್ಸೆಗಳೂ ಇವೆ.

ಕೊನೆಯದಾಗಿ ದತ್ತು. ಚಿಕಿತ್ಸೆ ಕೈಕೊಟ್ಟದ್ದಕ್ಕೆ ಬದಲಿಯಾಗಿ ಈ ತಿಂಗಳೇ ಅದನ್ನು ಯೋಚಿಸಬೇಕಾಗಿಲ್ಲ. ದತ್ತು ಸಂಸ್ಥೆಗಳಲ್ಲಿರುವ ಮಕ್ಕಳ ದತ್ತು ಪ್ರಕ್ರಿಯೆ ಈಗ ಕೇಂದ್ರದ ದತ್ತು ಪ್ರಾಧಿಕಾರವಾದ ಕಾರಾದ ಆನ್‌ಲೈನ್ ನೋಂದಣಿಯ ಮೂಲಕವೇ ನಡೆಯುತ್ತದೆ. ಎರಡು ವರ್ಷದೊಳಗಿನ ಮಗುವಿಗಾಗಿ ನೋಂದಾಯಿಸುವ ದಂಪತಿಯ ಒಟ್ಟು ವಯಸ್ಸು 85 ದಾಟಿರಬಾರದು. ನಿಮ್ಮಿಬ್ಬರದು ಕೂಡಿಸಿದರೆ 76, ಸಮಯವಿದೆ. ಆದರೆ ಚಿಕ್ಕ ಮಗುವಿಗಾಗಿ ವರ್ಷಗಟ್ಟಲೆ ಕಾಯಬೇಕಾಗುತ್ತದೆ, ಆದ್ದರಿಂದ ಏಪ್ರಿಲ್‌ನ ಆ ಭಾನುವಾರದ ಮಾತುಕತೆಯಲ್ಲಿ ಇದಕ್ಕೂ ಜಾಗವಿರಲಿ. ನೋಂದಣಿಗೆ ಬೇಕಾದ ದಾಖಲೆಗಳೇನು, ಮನೆ ಪರಿಶೀಲನೆ ಹೇಗೆ ಎಂಬುದನ್ನು ಹಾಸನದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ತಿಳಿಸುತ್ತಾರೆ. ಕೇಳಿ ತಿಳಿದುಕೊಂಡು ಬಂದ ಮಾತ್ರಕ್ಕೆ ಆ ಎರಡು ಭ್ರೂಣಗಳ ಆಸೆ ಬಿಟ್ಟಂತಾಗುವುದಿಲ್ಲ. ಪತಿಯೂ ಜೊತೆಗೆ ಬರಲಿ, ಕುಯ್ಲು ಮುಗಿದ ಮೇಲೆ ಅವರಿಗೂ ಒಂದು ದಿನ ಬಿಡುವು ಸಿಗುತ್ತದೆ.